ಪ್ರಮಾಣಪತ್ರದಲ್ಲಿ ಬೆಳೆದ ರಾಗಿ

ನಮ್ಮ ಕಡೆಯವರು ಬಸ್ಸಿನಲ್ಲಿ ಪಕ್ಕ ಕೂತವರಿಗೆ ತಮ್ಮ ಸಕ್ಕರೆ ಕಾಯಿಲೆ, ಸೊಸೆಯ ಬಾಯಿ, ಎಮ್ಮೆಯ ಗಬ್ಬ ಎಲ್ಲವನ್ನೂ ಹೇಳುತ್ತಾರೆ. ಆದಾಯ ಒಂದನ್ನು ಮಾತ್ರ ಹೆತ್ತತಾಯಿಗೂ ಹೇಳುವುದಿಲ್ಲ. ಹಾಗಂತ ಪಕ್ಕದ ಮನೆಯವರದು ತಿಳಿಯದಿದ್ದರೆ ನಿದ್ದೆಯೂ ಬರುವುದಿಲ್ಲ. ನಾನು ಮಾದಿಹಳ್ಳಿಯವನು, ಅರಸೀಕೆರೆಯ ಒಬ್ಬ ಆಡಿಟರ ಆಫೀಸಿನಲ್ಲಿ ಗುಮಾಸ್ತ. ಹೀಗಾಗಿ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ.

ಕೆಮ್ಮು

ಕೆಲಸಕ್ಕೆ ಸೇರಿದ ದಿನವೇ ಆಡಿಟರು ಕೂರಿಸಿಕೊಂಡು ಹೇಳಿದ್ದರು: "ನೋಡಿ, ಈ ಹೊಸ್ತಿಲು ದಾಟಿದ ಮೇಲೆ ನಿಮಗೆ ಯಾರ ಆದಾಯವೂ ಗೊತ್ತಿಲ್ಲ. ಬಾಯಿ ಬಿಟ್ಟ ದಿನ ಕೆಲಸ ಬಿಟ್ಟ ಹಾಗೆ."

ನಾನು ನಮ್ಮೂರ ಗುಡಿಯ ಅಮ್ಮನವರ ಮೇಲೆ ಆಣೆಯಿಟ್ಟು ಒಪ್ಪಿಕೊಂಡೆ. ಒಪ್ಪಿಕೊಂಡ ವಾರದಲ್ಲೇ ಹಳೇಬೀಡಿನ ಬಸ್ಸಿನಲ್ಲಿ, ಮಗಳಿಗೆ ಗಂಡು ನೋಡುತ್ತಿದ್ದವರೊಬ್ಬರು ಪಕ್ಕಕ್ಕೆ ಬಂದು ಕೂತರು.

"ಆ ಹುಡುಗ ನಿಮ್ಮಲ್ಲೇ ಟ್ಯಾಕ್ಸ್ ಕಟ್ಟೋದಂತೆ. ಎಷ್ಟು ಬತ್ತದೆ ಅವನಿಗೆ?"

"ಹೇಳೋ ಹಾಗಿಲ್ಲ ಕಣ್ರೀ."

"ಬಾಯಲ್ಲಿ ಹೇಳಬೇಡಿ. ನಾನೇ ಒಂದೊಂದಾಗಿ ಹೇಳ್ಕಂಡು ಹೋಗ್ತೀನಿ, ಸರಿ ಅನ್ನೋ ಕಡೆ ಕೆಮ್ಮಿಬಿಡಿ ಸಾಕು."

ನಾನು ಕಿಟಕಿಯ ಕಡೆ ತಿರುಗಿ ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳತೊಡಗಿದೆ. ಅವರು ಸಾವಿರದಿಂದ ಶುರುಮಾಡಿ ಲಕ್ಷಕ್ಕೆ ಬಂದರು. ಜಾವಗಲ್ ದಾಟುವ ಹೊತ್ತಿಗೆ ರಸ್ತೆಯ ದೂಳು ನನ್ನ ಗಂಟಲಿಗೆ ಇಳಿಯಿತು. ತಡೆದೆ, ಕಣ್ಣಲ್ಲಿ ನೀರು ಬರುವವರೆಗೂ ತಡೆದೆ. ಹಳೇಬೀಡಿನ ಕೆರೆ ಕಾಣುವಾಗ ಅವರು "ಒಂದು ಕೋಟಿ?" ಅಂದರು. ಆಗಲೇ ಕೆಮ್ಮು ಒತ್ತರಿಸಿಕೊಂಡು ಬಂತು.

ಮದುವೆ ಆ ತಿಂಗಳೇ ಆಯಿತು. ಹುಡುಗನದು ಬೇಲೂರಿನಲ್ಲಿ ಸಣ್ಣ ಸೈಕಲ್ ಅಂಗಡಿ. ಮಾವ ಏಕೆ ಅಷ್ಟು ಮರ್ಯಾದೆ ಕೊಡುತ್ತಾರೆಂದು ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಡಾಬು

ಮೊನ್ನೆ ವಿಧಾನಸಭೆ ಚುನಾವಣೆ ಬಂತು. ನಮ್ಮ ಆಫೀಸಿನ ಗಿರಾಕಿಯೊಬ್ಬರು, ನಾವೆಲ್ಲ ಯಜಮಾನರು ಎಂದು ಕರೆಯುವವರು, ಅಭ್ಯರ್ಥಿಯಾಗಿ ನಿಂತರು. ಅವರಿಗೆ ಅರಸೀಕೆರೆಯಲ್ಲಿ ದೊಡ್ಡದೊಂದು ಮದುವೆ ಛತ್ರವಿದೆ. ಹುಳಿಕೆರೆಯ ಹತ್ತಿರ ಕಲ್ಲುಹೊಲ ಒಂದಿದೆ. ಛತ್ರದ ಬಾಡಿಗೆಗೆ ತೆರಿಗೆ ಉಂಟು, ಬೇಸಾಯದ ಆದಾಯಕ್ಕೆ ಇಲ್ಲ. ಆದ್ದರಿಂದ ಛತ್ರದಲ್ಲಿ ಒಂದು ಮದುವೆ ಆದರೆ, ಲೆಕ್ಕದಲ್ಲಿ ಕಲ್ಲುಹೊಲದ ರಾಗಿ ಒಂದು ಕೊಯ್ಲು ಆಗುತ್ತಿತ್ತು. ಆಡಿಟರು ಬೇಡವೆಂದರೂ ಯಜಮಾನರು ಕೇಳಲಿಲ್ಲ.

ನಾಲ್ಕು ಗೋಡೆಯ ನಡುವೆ ಇದ್ದಷ್ಟು ದಿನ ಅದು ಗುಟ್ಟು. ಆದರೆ ಚುನಾವಣೆಗೆ ನಿಂತವರು ಆಸ್ತಿ, ಆದಾಯದ ಪ್ರಮಾಣಪತ್ರ ಕೊಡಬೇಕು, ಅದನ್ನು ಯಾರು ಬೇಕಾದರೂ ಓದಬಹುದು. ಊರೇ ಓದಿತು. ಅದರಲ್ಲಿ ಯಜಮಾನರ ಹೆಂಡತಿಯ ಹೆಸರಿನಲ್ಲಿ ಒಂದು ಚಿನ್ನದ ಡಾಬು ಇತ್ತು. ಮುಂದೆ ಯಾರಾದರೂ ಯಾವ ಹಣಕ್ಕಾದರೂ ಮೂಲ ಕೇಳಿದರೆ "ಹೆಂಡತಿಯ ಡಾಬು ಮಾರಿದೆ" ಎನ್ನಲು ಇರಲಿ ಎಂದು ಬರೆಸಿದ್ದರು.

ಡೇರಿಗೆ ಹಾಲು ಹಾಕಲು ಹೋದ ಯಜಮಾನತಿಯನ್ನು ಹೆಂಗಸರೆಲ್ಲ ಸುತ್ತಿಕೊಂಡರು. "ಅಕ್ಕಾ, ಒಂದಿನನಾದ್ರೂ ಹಾಕ್ಕಂಡು ತೋರಿಸಬಾರದಾ? ನಾವೇನು ಕಿತ್ಕಂತೀವಾ?"

ಆಕೆ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಬಂದರು. ಸಹಿ ಹಾಕಿಸಲು ಹೋಗಿದ್ದ ನಾನು ಹಜಾರದಲ್ಲೇ ಕೂತಿದ್ದೆ.

"ನನ್ನ ಡಾಬು ಎಲ್ಲೈತೆ?"

"ಮೆಲ್ಲಗೆ ಮಾತಾಡು ಮಾರಾಯ್ತಿ. ಅದು ಬರೀ ಕಾಗದದಾಗೆ ಇರೋದು ಕಣೇ."

ಆಕೆ ನೇರ ಅಡುಗೆಮನೆಗೆ ಹೋದರು. ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರ ತಟ್ಟೆಯಲ್ಲಿ ಒಂದು ಚೀಟಿ ಇತ್ತು: "ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ." ನನ್ನ ತಟ್ಟೆಯಲ್ಲಿ ಮಾತ್ರ ನಿಜವಾದ ಮುದ್ದೆಯೇ ಇತ್ತು. ಯಜಮಾನರು ಅದನ್ನೇ ನೋಡುತ್ತ ಚೀಟಿ ಮಡಚಿಟ್ಟುಕೊಂಡರು.

ಬಿತ್ತನೆ

ಪ್ರಮಾಣಪತ್ರ ಓದಿ ಜನ ಬೈಯುತ್ತಾರೆಂದು ಯಜಮಾನರು ಹೆದರಿದ್ದರು. ಆದದ್ದು ಅದಕ್ಕಿಂತ ಕಷ್ಟ. ಜನ ನಂಬಿಬಿಟ್ಟರು.

ಬೆಳಿಗ್ಗೆ ಬಾಗಿಲು ತೆಗೆದರೆ ಜಗುಲಿಯ ತುಂಬ ರೈತರು. "ಆ ಕಲ್ಲುಹೊಲದಾಗೆ ಅಷ್ಟು ರಾಗಿ ಬೆಳೆದಿದ್ದೀರಲ್ಲ ಯಜಮಾನ್ರೇ, ನಮಗೂ ಒಂದೊಂದು ಚೀಲ ಬಿತ್ತನೆ ಕೊಡಿ. ವೋಟು ನಿಮಗೇಯ."

ಇಲ್ಲವೆಂದರೆ ರಾಗಿ ಸುಳ್ಳಾಗುತ್ತದೆ, ರಾಗಿ ಸುಳ್ಳಾದರೆ ಚುನಾವಣೆ ಹೋಗುತ್ತದೆ. ಯಜಮಾನರು ಗುಟ್ಟಾಗಿ ಅರಸೀಕೆರೆಯ ಮಂಡಿಗೆ ಹೇಳಿ ಒಂದು ಗಾಡಿ ರಾಗಿ ತರಿಸಿ ಹಂಚತೊಡಗಿದರು. ಸಾಲಿನಲ್ಲಿದ್ದ ಮುದುಕನೊಬ್ಬ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸ್ವಾಮಿ, ಈ ಚೀಲಕ್ಕೆ ನನ್ನ ಹೆಂಡ್ತಿ ಸೀರೆ ತೇಪೆ ಹಾಕವ್ಳೆ. ಇದು ನಾನು ಹೋದ ಸಂತೆಗೆ ಮಾರಿದ ರಾಗಿ."

ನಾನು ಮನಸ್ಸಿನಲ್ಲೇ ಅಮ್ಮನವರಿಗೆ ಕೈಮುಗಿದೆ. ಮುದುಕ ಸ್ವಲ್ಪ ಯೋಚಿಸಿ ಚೀಲವನ್ನು ಹೆಗಲಿಗೆ ಹಾಕಿಕೊಂಡ.

"ಇರಲಿ ಕೊಡಿ. ನನ್ನ ಕೈಯಾಗೆ ಅಷ್ಟು ಬೆಳೀಲಿಲ್ಲ, ನಿಮ್ಮ ಕೈ ತಾಗಿದ ಮ್ಯಾಲಾದ್ರೂ ಬೆಳೀತದೇನೋ ನೋಡಾನ."

ಸೂತಕ

ಎದುರಾಳಿ ಅಭ್ಯರ್ಥಿ ಸುಮ್ಮನಿರಲಿಲ್ಲ. ಪ್ರಮಾಣಪತ್ರದಲ್ಲಿ ಅವರದೂ ಎಲ್ಲ ಬೇಸಾಯದ ಆದಾಯವೇ, ಆದರೆ ತೆಂಗಿನದು. ಮೈಕಿನಲ್ಲಿ ಕೂಗಿದರು: "ಅದು ರಾಗಿ ದುಡ್ಡೇ ಆಗಿದ್ರೆ ಶುಕ್ರವಾರ ಅಮ್ಮನವರ ಮುಂದೆ ಕರ್ಪೂರದ ಮೇಲೆ ಕೈಯಿಟ್ಟು ಆಣೆ ಮಾಡ್ಲಿ!" ಜನ ಹೋ ಎಂದರು. ಯಜಮಾನರು ಹೋಗದಿದ್ದರೆ ಸೋತ ಹಾಗೆಯೇ. ಹೋದರು.

ಶುಕ್ರವಾರ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಪುಳಿಯೋಗರೆ ಹಂಚುತ್ತಿದ್ದರು. ನಾನು ಪ್ರತಿ ಶುಕ್ರವಾರದಂತೆ ಹಣ್ಣುಕಾಯಿ ಹಿಡಿದು ಹೋಗಿದ್ದೆನೇ ಹೊರತು ಬೇರೆ ಉದ್ದೇಶವಿರಲಿಲ್ಲ. ಎದುರಾಳಿ ನನ್ನನ್ನು ಕಂಡುಬಿಟ್ಟರು.

"ಇಲ್ಲೇ ಅವ್ರಲ್ಲ ಆಡಿಟರ ಗುಮಾಸ್ತ್ರು! ಇವರು ದೇವರ ಮುಂದೆ ಸುಳ್ಳು ಹೇಳಲ್ಲ. ಮೊದಲು ಇವರೇ ಕೈಯಿಡಲಿ!"

ಜನ ನನ್ನನ್ನು ಎತ್ತಿಕೊಂಡೇ ಹೋಗಿ ಕರ್ಪೂರದ ಮುಂದೆ ನಿಲ್ಲಿಸಿದರು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಸುಳ್ಳು ಹೇಳಿದರೆ ಅಮ್ಮ ಬಿಡುವುದಿಲ್ಲ. "ತಾಯೀ, ನೀನೇ ಏನಾದರೂ ಮಾಡು" ಎಂದುಕೊಂಡು ಕೈಯನ್ನು ಮುಂದೆ ಚಾಚಿದೆ, ಬಾಯಿ ತೆರೆದೆ.

ಯಜಮಾನರಿಗೆ ನನ್ನ ಭಕ್ತಿ ಗೊತ್ತು. "ನಿಲ್ಸಿ, ನಿಲ್ಸಿ!" ಎಂದು ಕಿರುಚಿದರು. "ಇವತ್ತು ನನ್ನ ಲೆಕ್ಕಕ್ಕೆ ಯಾರೂ ಆಣೆ ಮಾಡೋ ಹಾಗಿಲ್ಲ. ನಮಗೆ ಸೂತಕ. ನಮ್ಮ ದೊಡ್ಡಪ್ಪ ಬೆಳಿಗ್ಗೆ ಹೋಗ್ಬಿಟ್ರು."

ಸಾವಿನ ಸೂತಕ ಎಂದ ಮೇಲೆ ಯಾರು ಏನು ಹೇಳುವುದು? ಪೂಜಾರಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಎದುರಾಳಿಯ ಕಡೆ ತಿರುಗಿದರು. "ಕರ್ಪೂರ ಹಚ್ಚಿದ್ದು ವ್ಯರ್ಥ ಆಗಬಾರದು. ನೀವೇ ಕೈಯಿಡಿ ಸ್ವಾಮಿ, ತೆಂಗಿನ ಲೆಕ್ಕ ಹೇಳಿ."

ಎದುರಾಳಿ ಕರ್ಪೂರವನ್ನು ನೋಡಿದರು, ಅಮ್ಮನವರನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಕಣ್ಣಿಗೆ ಒತ್ತಿಕೊಂಡರು.

"ಎಷ್ಟಾದರೂ ನಾವು ದಾಯಾದಿಗಳಲ್ವಾ ಪೂಜಾರಪ್ಪ. ಅವರಿಗೆ ಸೂತಕ ಅಂದ್ರೆ ನಮಗೂ ಸೂತಕವೇ. ಅಯ್ಯೋ ದೊಡ್ಡಪ್ಪಾ!"

ತಿಂಗಳಿಂದ ಒಬ್ಬರನ್ನೊಬ್ಬರು ಬೈದಾಡಿಕೊಂಡಿದ್ದವರು ಎಲ್ಲರೆದುರಿಗೆ ತಬ್ಬಿಕೊಂಡು ಗೊಳೋ ಎಂದು ಅತ್ತರು. ನಾನು ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಂಡೆ. ಹೆಂಗಸರೂ ಸೆರಗು ಕಣ್ಣಿಗೆ ಒತ್ತಿದರು.

ಅಷ್ಟರಲ್ಲಿ ಪುಳಿಯೋಗರೆಯ ಸಾಲಿನಿಂದ, ಕೈಯಲ್ಲಿ ದೊನ್ನೆ ಹಿಡಿದ ಒಬ್ಬ ಮುದುಕರು ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಯಾಕ್ರಲಾ ಇಬ್ರೂ ಹಿಂಗೆ ಅಳ್ತಿದ್ದೀರಾ? ಯಾರು ಹೋದ್ರು?"

ಇಬ್ಬರೂ ಅಳು ನಿಲ್ಲಿಸಿದರು. ಕೊನೆಗೆ ಪೂಜಾರಪ್ಪನವರೇ ಸಂಕೋಚದಿಂದ ಹೇಳಬೇಕಾಯಿತು: "ನೀವೇ ಅಂತೆ ದೊಡ್ಡಪ್ಪನೋರೇ. ಬೆಳಿಗ್ಗೆ."

ಮುದುಕರು ಅತ್ತ ಒಬ್ಬನ ಮುಖ, ಇತ್ತ ಒಬ್ಬನ ಮುಖ ನಿಧಾನವಾಗಿ ನೋಡಿದರು. ಆಮೇಲೆ ಖಾಲಿಯಾಗುತ್ತಿದ್ದ ದೊನ್ನೆಯನ್ನು ನೋಡಿದರು.

"ಹಂಗಾ? ಸರಿ, ಬಡಿಸೋರಿಗೆ ಮಾತ್ರ ಈಗಲೇ ಹೇಳ್ಬೇಡಿ. ಇನ್ನೊಂದು ಸಲ ಹಾಕಿಸ್ಕಂಡು ಬತ್ತೀನಿ."