ಕಲ್ಯಾಣ ಮಾರ್ಗವಾಗಿ ಹಿಮಾಲಯ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯವರು ಬೆಟ್ಟ ಹತ್ತಲಿಲ್ಲ. ಹತ್ತುವ ತಯಾರಿಯಲ್ಲೇ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಅರ್ಧ ಊರನ್ನು ದಣಿಸಿದರು, ಅಷ್ಟೆ!

ರಿಟೈರ್ ಆದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಟಿವಿ ರಿಮೋಟು ಹಿಡಿದು ಕೂರುತ್ತಾರೆ. ಇವರಿಗೆ ಮಾತ್ರ ನೇಪಾಳಕ್ಕೆ ಹೋಗಿ, ಗೈಡಿನ ಜೊತೆ ಹಿಮದ ಬೆಟ್ಟ ಹತ್ತಿ, ಇಳಿದ ಮೇಲೆ ಕಾಡಿನಲ್ಲಿ ಜೀಪು ಹತ್ತಿ ಘೇಂಡಾಮೃಗ ನೋಡಬೇಕು. ಬೆಟ್ಟಕ್ಕೂ ಘೇಂಡಾಮೃಗಕ್ಕೂ ಏನು ಸಂಬಂಧ?

"ಅದು ಪ್ಯಾಕೇಜು. ನಿಂಗೆ ಗೊತ್ತಾಗ್ಲಿಕ್ಕಿಲ್ಲ ಮಾರಾಯ್ತಿ."

ಅಭ್ಯಾಸಕ್ಕೆ ಬೆಟ್ಟ ಬೇಕಲ್ಲ? ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಸೇತುವೆ ಇದೆಯಲ್ಲ! ಬೆನ್ನಿಗೆ ಕುಚ್ಚಲಕ್ಕಿಯ ಚೀಲ ಕಟ್ಟಿಕೊಂಡು ದಿನಾ ಹತ್ತಿ ಇಳಿದರು. ಒಂದು ಸಂಜೆ ಜನ ಹೇಗೆ ತಳ್ಳಿದರೋ, ಅಕ್ಕಿಯ ಸಮೇತ ಕಸಾರಾ ಕಡೆಯ ಲೋಕಲ್ ಟ್ರೇನಿನೊಳಗೆ ಸೇರಿಕೊಂಡರು. ಮುಂದಿನ ದೊಡ್ಡ ಸ್ಟೇಷನ್ ಕಲ್ಯಾಣದಿಂದ ಫೋನು: "ಅನ್ನಕ್ಕೆ ನೀರಿಡ್ಬೇಡ. ಅಕ್ಕಿ ನನ್ನ ಹತ್ರ ಉಂಟು."

ನೇಪಾಳದ ಗೈಡು ವಿಡಿಯೋ ಕಾಲಿನಲ್ಲಿ ಹಿಂದಿಯಲ್ಲಿ ಪಾಠ ಹೇಳಿದ. ಎತ್ತರ ಮೈಗೆ ಒಗ್ಗಬೇಕಾದರೆ ಹಗಲು ಮೇಲಕ್ಕೆ ಹತ್ತಿ, ಮಲಗಲು ಕೆಳಗೆ ಬರಬೇಕಂತೆ. ಇವರು ತೊಡೆ ತಟ್ಟಿ ನನ್ನ ಕಡೆ ತಿರುಗಿದರು.

"ಇದು ನಮ್ಮ ಲೋಕಲ್ಲಿನ ಲೆಕ್ಕವೇ ಅಲ್ವಾ! ಮುಂಬೈಗೆ ಕೂತು ಹೋಗ್ಬೇಕಾದ್ರೆ ಮೊದಲು ಉಲ್ಟಾ, ಟ್ರೇನು ಹೊರಡುವ ಕಲ್ಯಾಣಕ್ಕೆ ಹೋಗಿ ಸೀಟು ಹಿಡೀಬೇಕು. ನಲ್ವತ್ತು ವರ್ಷ ನಾನು ಮಾಡಿದ್ದು ಮತ್ತೆಂತ?"

ಆಮೇಲೆ ಗೈಡನ್ನು ಕೇಳಿದರು, ಜೀಪಿನಲ್ಲಿ ಎರಡು ವಿಂಡೋ ಸೀಟು ಸಿಗುತ್ತದೆಯೇ ಎಂದು.

"ಎರಡು ಯಾಕೆ, ಅಕ್ಕಿ ಚೀಲಕ್ಕಾ?" ಎಂದೆ. ಅವರು ಗೈಡಿಗೆ ಎರಡು ಬೆರಳು ತೋರಿಸಿದರು.

ಕೊನೆಗೆ ಪಕ್ಕದ ಥಾಣೆ ನಗರದ ಡಾಕ್ಟರು ಹೃದಯ ಪರೀಕ್ಷಿಸಿ, ಎತ್ತರಕ್ಕೆ ಹೋಗಲೇಬಾರದು ಎಂದರು. ಕರೆದುಕೊಂಡು ಹೋಗಲಾರೆ ಎಂದು ಗೈಡೂ ಕೈ ಮುಗಿದ.

"ಬಿಡಿ ಮಾರಾಯ್ರೇ, ಬೆಟ್ಟ ಎಲ್ಲಿಗೂ ಓಡುದಿಲ್ಲ," ಎಂದೆ.

"ಅದೂ ಓಡುದಿಲ್ಲ, ನಾನೂ ಹೋಗುದಿಲ್ಲ," ಎಂದು ಬಾಲ್ಕನಿಯಲ್ಲಿ ಕೂತರು. ಎದುರಿಗೆ ಇನ್ನೊಂದು ಬಿಲ್ಡಿಂಗಿನ ಗೋಡೆ. "ನಲ್ವತ್ತು ವರ್ಷ ಟ್ರೇನಿನಲ್ಲಿ ಮುಂದಿನವನ ಬೆನ್ನು ನೋಡಿದ್ದೇ ಆಯ್ತು. ಒಮ್ಮೆಯಾದ್ರೂ ಎದುರಿಗೆ ಯಾರೂ ಇಲ್ಲದ ಕಡೆ ನಿಲ್ಬೇಕಿತ್ತು."

"ಕಾಡಿಗಾದರೂ ಹೋಗಿ ಬನ್ನಿ."

"ಕಾಡು ನಂಗಲ್ಲ. ಟಿವಿಯಲ್ಲಿ ಪ್ರಾಣಿ ಬಂದ್ರೆ ನೀನು ಸೌಟು ಹಿಡ್ಕೊಂಡೇ ಬಂದು ನಿಲ್ತಿ. ಬೆಟ್ಟಕ್ಕೆ ನಿನ್ನ ಮೊಣಕಾಲು ಆಗುದಿಲ್ಲ. ಅದಕ್ಕೇ ಕಾಡನ್ನೂ ಸೇರ್ಸಿದ್ದು."

ಒಳಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ, ಅವರ ಫೋನಿನಿಂದ ಗೈಡಿಗೆ ಕರೆ ಮಾಡಿ ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ: "ಹತ್ತುವುದು ಬೇಡ, ಮಗಾ. ಕೆಳಗಿನಿಂದಲೇ ಹಿಮದ ಬೆಟ್ಟ ಪೂರ್ತಿ ಕಾಣುವ ಜಾಗ ಹುಡುಕು. ಅಲ್ಲಿ ಒಂದು ಕುರ್ಚಿ ಹಾಕಿಸು. ಅದರ ಮುಂದೆ ಮಾತ್ರ ಯಾರನ್ನೂ ನಿಲ್ಲಲು ಬಿಡಬೇಡ."