ಜೇಬು ತಡಕುವ ವಿದ್ಯೆ: ತರಬೇತಿ ತಂತ್ರಾಂಶದವರಲ್ಲಿ ಒಂದು ಅಹವಾಲು

ಸದಾ ಹಸನ್ಮುಖಿಗಳೂ, ತಪ್ಪು ಗುಂಡಿ ಒತ್ತಿದವರಿಗೂ 'ಭೇಷ್, ಮತ್ತೆ ಪ್ರಯತ್ನಿಸಿ!' ಎಂದು ಹಸಿರು ದೀಪ ತೋರುವ ಉದಾರಿಗಳೂ ಆದ ನಮ್ಮ ಲಾಂಡ್ರಿಯ ಆನ್‌ಲೈನ್ ತರಬೇತಿ ತಂತ್ರಾಂಶದ ಸನ್ನಿಧಾನಕ್ಕೆ, ನೆಲಮಾಳಿಗೆಯ ನೌಕರನೊಬ್ಬನ ಸಾಷ್ಟಾಂಗ ವಂದನೆಗಳು.

ಮಾನ್ಯರೇ,

ಮೊದಲಿಗೆ ಒಂದು ಅಪರಾಧವನ್ನು ಒಪ್ಪಿಕೊಂಡು ಮನಸ್ಸನ್ನು ಜಾಲಿಸಿಕೊಳ್ಳುತ್ತೇನೆ. ತಮ್ಮ ಹದಿನಾಲ್ಕು ಪಾಠಗಳಲ್ಲಿ ಹನ್ನೊಂದನ್ನು ಕಲಿತದ್ದು ನಾನಲ್ಲ, ನಮ್ಮ ಮನೆಯ ಟೇಬಲ್ ಫ್ಯಾನು. ಐದು ನಿಮಿಷ ಮೌಸು ಅಲುಗದಿದ್ದರೆ ತಾವು ಮುನಿಸಿಕೊಂಡು ಪಾಠವನ್ನು ಮೊದಲಿನಿಂದ ಶುರುಮಾಡುವವರಾದ್ದರಿಂದ, ಮೌಸಿಗೊಂದು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಅತ್ತಿತ್ತ ಕತ್ತು ತಿರುಗಿಸುವ ಫ್ಯಾನಿಗೆ ಗಂಟು ಹಾಕಿ, ನಾನು ಊಟಕ್ಕೆ ಕೂತೆ. ಪಾಠ ಮುಗಿದಾಗ ಪರದೆಯ ಮೇಲೆ 'ನಿಮ್ಮ ಏಕಾಗ್ರತೆ ಶ್ಲಾಘನೀಯ' ಎಂದು ಬಂತು. ಫ್ಯಾನು ವಿನಯದಿಂದ ತಲೆ ಅಲ್ಲಾಡಿಸಿತು. ಪರೀಕ್ಷೆಗಳನ್ನು ಮಾತ್ರ ಸ್ವಂತ ಬುದ್ಧಿಯಿಂದಲೇ ಬರೆದೆ: ಪ್ರತಿ ಪ್ರಶ್ನೆಗೂ 'ಮೇಲಿನ ಎಲ್ಲವೂ' ಎಂದು ಒತ್ತಿದೆ. ನೂರಕ್ಕೆ ನೂರು! ಹದಿನಾಲ್ಕೂ ಪ್ರಮಾಣಪತ್ರಗಳಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಬೀಗರು ಬಂದರೆ ಅವುಗಳ ಎದುರಿನ ಕುರ್ಚಿಯನ್ನೇ ತೋರಿಸುತ್ತೇನೆ. ಇಡೀ ಲಾಂಡ್ರಿಯಲ್ಲಿ ನನ್ನಷ್ಟು ಕಲಿತವರು ಇನ್ನೊಬ್ಬರಿಲ್ಲವೆಂದು ತಾವೇ ಪ್ರಕಟಿಸಿದ್ದೀರಿ, ಅಲ್ಲಗಳೆಯಲು ನಾನ್ಯಾರು?

ಪತ್ರಕ್ಕೆ ಕಾರಣ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ನಮ್ಮ ವಿಭಾಗದ ಹಿರಿಯಾಕೆ. ಆಸ್ಪತ್ರೆಯಿಂದ ಬರುವ ಬಿಳಿ ಕೋಟುಗಳು ಯಂತ್ರದೊಳಗೆ ಹೋಗುವ ಮೊದಲು ಅವುಗಳ ಜೇಬು ನೋಡುವುದು ಇಪ್ಪತ್ತಾರು ವರ್ಷದಿಂದ ಅವರ ಕೆಲಸ. ತಮ್ಮ 'ಜೇಬು ಪರಿಶೀಲನೆ: ಒಂದು ಸಮಗ್ರ ನೋಟ' ಎಂಬ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ಮೂವತ್ತಾರು, ಅದೂ ಕೆಂಪಕ್ಷರದಲ್ಲಿ. ತಪ್ಪು ಅವರದೇ. 'ಜೇಬನ್ನು ಎಷ್ಟನೆಯ ಹಂತದಲ್ಲಿ ಪರಿಶೀಲಿಸಬೇಕು?' ಎಂದು ತಾವು ಇಪ್ಪತ್ತು ಸೆಕೆಂಡು ಕೊಟ್ಟು ಕೇಳಿದರೆ, ಅವರು ಕನ್ನಡಕ ಏರಿಸಿ, "ಯಾವ ಜೇಬಪ್ಪಾ? ಡಾಕ್ಟ್ರ ಕೋಟಿಗೆ ಒಳಗಡೆ ಇನ್ನೊಂದು ಇರುತ್ತೆ, ಅದನ್ನ ಇದು ಕೇಳ್ತಾನೇ ಇಲ್ವಲ್ಲ!" ಎಂದು ತಮಗೇ ಮರುಪ್ರಶ್ನೆ ಹಾಕಿದರು. ಅಷ್ಟರಲ್ಲಿ ಸಮಯ ಮುಗಿಯಿತು.

ಹೊಸಬರಿಗೆ ಅವರು ಕಲಿಸುವ ರೀತಿಯಂತೂ ತಮ್ಮ ಘನತೆಗೆ ತಕ್ಕುದೇ ಅಲ್ಲ. ಹತ್ತು ಕೋಟುಗಳಲ್ಲಿ ಬೀಗದ ಕೈ, ಇಂಕಿಲ್ಲದ ಪೆನ್ನು, ಪೆಪ್ಪರ್‌ಮಿಂಟು ಮೊದಲೇ ಬಚ್ಚಿಟ್ಟು, "ಹುಡುಕ್ರಮ್ಮಾ, ಸಿಕ್ಕಿದ ಪೆಪ್ಪರ್‌ಮಿಂಟು ನಿಮ್ದೇ" ಎಂದು ಬಿಟ್ಟುಬಿಡುತ್ತಾರೆ. ಹೇಗೆ ಹುಡುಕಬೇಕೆಂದು ಮೊದಲು ಹೇಳುವುದೇ ಇಲ್ಲ! ಎಲ್ಲ ಮುಗಿಸಿದೆವೆಂದು ಬೀಗುವವರ ಎದುರಿಗೇ ಒಳಜೇಬಿನಿಂದ ಇನ್ನೆರಡು ಪೆಪ್ಪರ್‌ಮಿಂಟು ತೆಗೆದು ತಾವೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಮೂರು ದಿನ ಬಿಟ್ಟು, ಎಲ್ಲರೂ ಮರೆತಿರುವಾಗ, ಹೇಳದೆ ಕೇಳದೆ ಮತ್ತೆ ಬಚ್ಚಿಡುತ್ತಾರೆ. ಆಮೇಲೆ ಕಲಿತವರೇ ಮುಂದಿನವರಿಗೆ ಹೇಳಿಕೊಡಬೇಕು, ಇವರು ಪಕ್ಕದಲ್ಲಿ ತುಟಿ ಬಿಗಿದು ನಿಂತಿರುತ್ತಾರೆ. ಒಂದೇ ಒಂದು ಸ್ಲೈಡಿಲ್ಲದ ಇದನ್ನು ತರಬೇತಿ ಎನ್ನಲು ಯಾರಿಗೆ ಬಾಯಿ ಬಂದೀತು?

ತಮ್ಮ ಬಳಗದವರು ನಡೆಸಿದ ತರಗತಿಯನ್ನೂ ನೆನೆಯದಿದ್ದರೆ ನಾನು ಕೃತಘ್ನ. ಮೂರನೆಯ ಮಹಡಿಯ ತಣ್ಣನೆಯ ಸಭಾಂಗಣದಲ್ಲಿ ನೂರ ಹನ್ನೆರಡು ಸ್ಲೈಡುಗಳನ್ನು, ನಮಗೆ ಓದಲು ಬಾರದೆಂಬ ಕರುಣೆಯಿಂದಲೋ ಏನೋ, ತರಬೇತುದಾರರು ಗಟ್ಟಿಯಾಗಿ ಓದಿ ಹೇಳಿದರು. ಅಲ್ಲಿದ್ದ ಏಕೈಕ ಕೋಟು ಅವರ ಮೈಮೇಲಿನದು. ನಲವತ್ತನೆಯ ಸ್ಲೈಡಿಗೆ ದೊಡ್ಡಮ್ಮ ಕೈಯೆತ್ತಿ, "ಸಾರ್, ನಿಮ್ಮ ಎಡಗಡೆ ಜೇಬಲ್ಲಿ ಪೆನ್ನು ಸೋರ್ತಿದೆ" ಎಂದರು. ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶವಿದೆ ಎಂಬ ಉತ್ತರ ಬಂತು. ಕೊನೆಯ ಹೊತ್ತಿಗೆ ಪ್ರಶ್ನೆ ಸೊಂಟದವರೆಗೂ ಇಳಿದಿತ್ತು.

ಹೀಗಿರುವಾಗ ಮೊನ್ನೆ ಬುಧವಾರ ಒಂದು ಯಂತ್ರದಿಂದ ಅರವತ್ತು ಬಿಳಿ ಕೋಟುಗಳು ನೀಲಿಯಾಗಿ ಹೊರಬಂದವು. ಯಾವುದೋ ಜೇಬಿನಲ್ಲಿ ಪೆನ್ನು ಉಳಿದಿತ್ತು. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ವಿಚಾರಣೆ ಮುಗಿಸಿದಿರಿ: ವಿಭಾಗದಲ್ಲಿ ತೇರ್ಗಡೆಯಾಗದವರು ಒಬ್ಬರೇ, ಆದ್ದರಿಂದ ತಪ್ಪು ಅವರದೇ. ತಮ್ಮ ವರದಿಯನ್ನು ನಂಬಿ ಮೇಲ್ವಿಚಾರಕರು, ಸೋಮವಾರದಿಂದ ದೊಡ್ಡಮ್ಮ ಕೋಟಿನ ಮೇಜು ಬಿಟ್ಟು ಒದ್ದೆ ಬಟ್ಟೆಯ ಗಂಟುಗಳನ್ನು ಮೆಟ್ಟಿಲು ಹತ್ತಿ ಹೊರಬೇಕೆಂದು ಆದೇಶಿಸಿದ್ದಾರೆ. ಬರಿಗೈಯಲ್ಲಿ ಇಳಿಯುವಾಗಲೇ ಆಕೆಯ ಮಂಡಿ ಕಟಕಟ ಎನ್ನುವುದು ಕೆಳಗಿನ ನಮಗೆಲ್ಲ ಕೇಳಿಸುತ್ತದೆ. "ಇರ್ಲಿ ಬಿಡೋ, ಗಂಟಿಗಾದ್ರೆ ಜೇಬಿರಲ್ಲ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಕೋರಿಕೆಗಳು. ದಯಮಾಡಿ ಒಂದು ಜೊತೆ ಕೈ ಬೆಳೆಸಿಕೊಂಡು ಒಂದು ಪಾಳಿಯ ಮಟ್ಟಿಗಾದರೂ ನೆಲಮಾಳಿಗೆಗೆ ಚಿತ್ತೈಸಬೇಕು. ದೊಡ್ಡಮ್ಮನ ಹತ್ತು ಕೋಟುಗಳನ್ನು ತಡಕಿ, ಸಿಕ್ಕಷ್ಟು ಪೆಪ್ಪರ್‌ಮಿಂಟಿನ ಲೆಕ್ಕದಲ್ಲಿ ತಮಗೆ ತಾವೇ ಅಂಕ ಕೊಟ್ಟುಕೊಳ್ಳಬೇಕು. ಕೈ ಬೆಳೆಯದಿದ್ದರೆ ಮಂಡಿಗಳನ್ನಾದರೂ ಬೆಳೆಸಿಕೊಂಡು ಆ ಗಂಟುಗಳನ್ನು ತಾವೇ ಹೊರಬೇಕು. ಅದೂ ಆಗದಿದ್ದಲ್ಲಿ ಆಕೆಯ ಹೆಸರಿನ ಮುಂದಿರುವ ಕೆಂಪು ಕಲೆಯನ್ನು ಸೋಮವಾರದೊಳಗೆ ತೊಳೆದುಕೊಡಬೇಕು. ಯಾವ ಸೋಪು ಬೇಕೆಂದು ತಿಳಿಸಿದರೆ ನಮ್ಮಲ್ಲಿ ಮೂಟೆಗಟ್ಟಲೆ ಇದೆ.

ಹದಿನಾಲ್ಕು ಪ್ರಮಾಣಪತ್ರಗಳ ಭಾರಕ್ಕೆ ಬಾಗಿ ನಿಂತಿರುವ,
ತಮ್ಮ ವಿಶ್ವಾಸಿ

ವಿ.ಸೂ.: ತಾವು ಅಂಕ ಕೊಡುವವರೇ ಹೊರತು ಓದುವವರಲ್ಲವಾದ್ದರಿಂದ, ಇದರ ಒಂದು ಪ್ರತಿಯನ್ನು ಮೇಲ್ವಿಚಾರಕರ ಮೇಜಿನ ಮೇಲೂ ಇಟ್ಟಿದ್ದೇನೆ. ಅವರ ಗಮನಕ್ಕೆ: ಬುಧವಾರ ಆಸ್ಪತ್ರೆಯಿಂದ ಬಂದ ಕೋಟುಗಳು ಐವತ್ತೊಂಬತ್ತು, ಐವತ್ತೊಂಬತ್ತರ ಒಳಜೇಬನ್ನೂ ದೊಡ್ಡಮ್ಮ ನೋಡಿದ್ದರು. ಪಾಳಿ ಮುಗಿದ ಆತುರದಲ್ಲಿ, ಅವರ ಹೆಗಲ ಮೇಲಿಂದ ತನ್ನ ಬಿಳಿ ಕೆಲಸದ ಕೋಟನ್ನು ಜೇಬು ನೋಡದೆ ಯಂತ್ರದೊಳಕ್ಕೆ ಎಸೆದು ಬಾಗಿಲು ಹಾಕಿದವನು ನಾನು. ಮೂರು ದಿನದಿಂದ ಆ ಖಾಲಿ ಪೆನ್ನನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೇನೆ. ನನ್ನ ಮಂಡಿಗಳು ಗಟ್ಟಿಮುಟ್ಟಾಗಿವೆ. ಸೋಮವಾರ ಮೊದಲ ಗಂಟು ಎಷ್ಟು ಗಂಟೆಗೆ ಎಂದು ತಿಳಿಸುವುದು.