ನೀಲಿ ಶಾಖ

ಗೋಕುಲ ರಸ್ತೆಯ ಆ ಕಾರ್ಖಾನೆಯಲ್ಲಿ ಕೇಳಿ ತಿಳಿದುಕೊಳ್ಳುವ ಕೆಟ್ಟ ಚಟ ಯಾರಿಗೂ ಇರಲಿಲ್ಲ. ಸೇಲ್ಸಿನ ಅತುಲನಿಗಂತೂ ಸುತರಾಂ ಇರಲಿಲ್ಲ. ಫೋನಿನಲ್ಲಿ ಆರ್ಡರ್ ಮಾತು ಬಂದಾಗ ಅಳತೆ ಬರೆದುಕೊಂಡನೇ ಹೊರತು, ಡಬ್ಬಿ ಯಾತಕ್ಕೆ ಎಂದು ಕೇಳಲಿಲ್ಲ.

“ಹುಲಗೇಶ, ತಗಡಿನ ಡಬ್ಬಿ. ಒಳಗ ಎಂಟು ಬಿಸಿ ಪಟ್ಟಿ, ಎಲ್ಲಾ ಕೂಡಿ ಐದುನೂರು ವ್ಯಾಟ್. ಎಷ್ಟು ಕಾಯತೈತಿ ಅಂತ ಕಂಪ್ಯೂಟರ್‌ನ್ಯಾಗ ತೋರಸ್ಬೇಕಂತ. ಮಧ್ಯಾಹ್ನ ಪಾರ್ಟಿ ಬರ್ತೈತಿ.”

ಕಂಪ್ಯೂಟರಿನಲ್ಲಿ ನಕ್ಷೆ, ಲೆಕ್ಕ ಮಾಡುವ ಹುಲಗೇಶನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. “ಈ ಆರ್ಡರ್ ಬರಲಿ, ನೋಡೂಣು,” ಎಂದು ಮಾಲಕ ಮೈಲಾರಪ್ಪ ಬೆಳಿಗ್ಗೆಯೇ ಗಾಳ ಹಾಕಿದ್ದರು. ಆ ಗಡಿಬಿಡಿಯಲ್ಲಿ ಹುಲಗೇಶ ಎಂಟೂ ಪಟ್ಟಿ ಆರಿಸಿ, ಶಾಖದ ಖಾನೆಯಲ್ಲಿ ಐದುನೂರು ಒತ್ತಿದ. ಒಟ್ಟಿಗೋ, ಒಂದೊಂದಕ್ಕೋ ಎಂದು ಸಾಫ್ಟ್‌ವೇರ್ ಕೇಳಿತು. ಓದದೆ ‘ಒಂದೊಂದಕ್ಕೆ’ ಎಂದ. ಪರದೆಯ ಡಬ್ಬಿ, ಮಿರ್ಚಿ ಕಚ್ಚಿದವನ ಮೂತಿಯಂತೆ ಕೆಂಪಾಯಿತು.

“ಡಬ್ಬಿ ಉರಿಯಾಕತ್ತೈತಿ!” ಎಂದು ಅತುಲ ಕೂಗಿದ್ದೇ ತಡ, ಇಡೀ ಆಫೀಸು ಚಹಾದ ಕಪ್ಪು ಹಿಡಿದು ಸುತ್ತ ನೆರೆಯಿತು.

“ಮ್ಯಾಲ ಸುಣ್ಣ ಹಚ್ಚರಿ,” ಎಂದಳು ಅಕೌಂಟ್ಸಿನ ಸುಮಲತಾ. “ಮಾಳಮಡ್ಡ್ಯಾಗ ನಮ್ಮ ಮನಿ ಮ್ಯಾಲಿನ ತಗಡಿನ ಪತ್ರಾಸಿಗೆ ಅದನ್ನ ಹಚ್ಚೇವಿ, ಥಂಡ ಇರತೈತಿ.”

ಅಷ್ಟರಲ್ಲಿ ಹುಲಗೇಶ ತಪ್ಪು ಹಿಡಿದು ‘ಒಟ್ಟಿಗೆ’ ಎಂದು ತಿದ್ದಿದ. ಅರವತ್ತೆರಡು ಡಿಗ್ರಿ, ಡಬ್ಬಿ ಕಿತ್ತಳೆ ಬಣ್ಣಕ್ಕಿಳಿಯಿತು. “ಇದು ಖರೇ ಲೆಕ್ಕ ರೀ ಸರ್.”

“ಖರೇ ಇದ್ರ ಆತೇನು? ನೋಡಾಕ ಛಲೋ ಇರಬೇಕಲ್ಲ,” ಎಂದರು ಮೈಲಾರಪ್ಪ.

“ಪಾರ್ಟಿ ಹೆದರತೈತಿ. ನೀಲಿ ಮಾಡು,” ಎಂದ ಅತುಲ.

“ನೀಲಿ ಆಗಬೇಕಂದ್ರ ಶಾಖಾನ ಕಡಿಮಿ ಹಾಕಬೇಕಲ್ಲೋ!”

“ಹಾಕು. ನಿಮ್ಮಪ್ಪನ ಮನಿ ಗಂಟು ಹೋಗತೈತೇನು?”

ಹುಲಗೇಶ ಕಾಯಂ ನೌಕರಿಯನ್ನು ನೆನೆದು ಐದುನೂರರ ಒಂದು ಸೊನ್ನೆ ಅಳಿಸಿದ. ಡಬ್ಬಿ ಉಣಕಲ್ ಕೆರೆಯಂತೆ ನೀಲಿಯಾಯಿತು; ಮೂವತ್ಮೂರು ಡಿಗ್ರಿ. ಸಲಹೆ ಕೊಡಲು ಮುಗಿಬಿದ್ದವರೆಲ್ಲ, ವರದಿಗೆ ಸಹಿ ಹಾಕುವ ಗೌರವವನ್ನು ಮಾತ್ರ ಧಾರಾಳವಾಗಿ ಅವನಿಗೇ ಬಿಟ್ಟುಕೊಟ್ಟರು.

ಮಧ್ಯಾಹ್ನ ಪಾರ್ಟಿ ಬಂತು: ಹಪ್ಪಳ, ಸಂಡಿಗೆ ಮಾಡಿ ಮಾರುವ ತಾಜಬಿ. ವರದಿ ನೋಡಿ ಹುಬ್ಬು ಗಂಟಿಕ್ಕಿದಳು. “ಬರೇ ಮೂವತ್ಮೂರು?”

“ಮಣ್ಣಿನ ಮಡಿಕಿ ಇದ್ದಂಗ ಥಂಡ ರೀ ಅಕ್ಕಾರ!” ಅತುಲ ಹಿಗ್ಗಿದ.

“ಥಂಡ ತಗೊಂಡು ನಾ ಏನ್ ಮಾಡ್ಲಿ? ಮಳಿಗಾಲದಾಗ ಹಪ್ಪಳ ಒಣಗಸಾಕ ಡಬ್ಬಿ ಕೇಳೇನಿ! ಅರವತ್ತು ಡಿಗ್ರಿ ಬೇಕು. ಇದರಾಗ ಇಟ್ರ ಹಪ್ಪಳ ಕೊಳೀತಾವು.”

ಹುಲಗೇಶ ಕುರ್ಚಿಯಿಂದ ಚಿಮ್ಮಿದ. ಸತ್ಯವೂ ಲಾಭವೂ ಒಂದೇ ಕಡೆ ನಿಂತದ್ದನ್ನು ಅವನು ಆ ಕಾರ್ಖಾನೆಯಲ್ಲಿ ಕಂಡದ್ದು ಅದೇ ಮೊದಲು. “ಅರವತ್ತೆರಡು ಬರತೈತ್ರಿ ಅಕ್ಕಾರ! ಆ ಕಾಗದ ಸುಳ್ಳು, ಇದು ಖರೇ ಲೆಕ್ಕ!” ಎಂದು ಸೊನ್ನೆ ಮರಳಿ ಒತ್ತಿ ಪರದೆಯ ಕಿತ್ತಳೆ ಡಬ್ಬಿ ತೋರಿಸಿದ.

ತಾಜಬಿಯ ಮುಖ ಅರಳಿತು. “ಹಾಂ, ಇಂಥಾದ್ದ ಬೇಕಾಗಿತ್ತು. ಆರ್ಡರ್ ನಿಮಗ.” ಆಮೇಲೆ ಕಾಗದವನ್ನು ಮತ್ತೆ ಎತ್ತಿದಳು. “ಆದ್ರ ಈ ಸುಳ್ಳು ಲೆಕ್ಕ ಮಾಡಿದಾವ ಯಾರು?”

ಸುಮಲತಾಳಿಗೆ ತಟ್ಟನೆ ಬೇರೆ ಕೆಲಸ ನೆನಪಾಯಿತು. ಮೈಲಾರಪ್ಪ ಫ್ಯಾನು ನೋಡಿದರು. ಅತುಲ ಮಾತ್ರ ಪ್ರಾಮಾಣಿಕವಾಗಿ ಹುಲಗೇಶನ ಸಹಿಯ ಮೇಲೆ ಬೆರಳಿಟ್ಟ.

“ಇಂಥಾವ್ರ ಕೈಯಾಗ ನನ್ನ ಕೆಲಸ ಕೊಡಬ್ಯಾಡ್ರಿ,” ಎಂದಳು ತಾಜಬಿ.

“ಛೇ ಛೇ, ಕೊಡ್ತೇವೇನ್ರಿ?” ಎಂದ ಮೈಲಾರಪ್ಪ ಅಲ್ಲೇ ಅತುಲನನ್ನು ಆ ಕೆಲಸದ ಉಸ್ತುವಾರಿಗೆ ನೇಮಿಸಿದರು.

ಅವಳ ಆಟೋ ಗೇಟು ದಾಟಿದ ಮೇಲೆ ಅತುಲ ಕುರ್ಚಿ ಎಳೆದುಕೊಂಡು ಹುಲಗೇಶನ ಪಕ್ಕ ಕೂತ.

“ಸಿಟ್ಟಾಗಬ್ಯಾಡೋ ಮಾರಾಯ. ಈ ಶಾಖ ಎಲ್ಲೆ ಒತ್ತಿ ಹಾಕೂದು ನನಗ ಗೊತ್ತಿಲ್ಲ. ಎಲ್ಲಾ ನೀನ ಮಾಡಿಕೊಡು,” ಎಂದು ಬೆನ್ನು ತಟ್ಟಿದ. “ಈ ಸಲ ಸಹಿ ನಾ ಮಾಡ್ತೇನಿ.”